ಪ್ರಪಂಚದ ಆಹಾರ ಸಮಸ್ಯೆ ಕಲಿಸಲು ಒಂದು ಎಣ್ಣೆ ಪ್ಯಾಕೆಟ್ ಸಾಕು

ಒಂಬತ್ತನೇ ತರಗತಿಯ ಮಕ್ಕಳಿಗೆ ಜಾಗತಿಕ ಆಹಾರ ಮತ್ತು ಕೃಷಿ ಸಮಸ್ಯೆಗಳನ್ನು ಬೇಸರವಾಗದಂತೆ ಹೇಗೆ ಕಲಿಸಲಿ ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನು. ಹಸಿದವರ ಅಂಕಿಅಂಶ, ವಿಶ್ವಸಂಸ್ಥೆಯ ಗುರಿಗಳ ಪಟ್ಟಿ ಇವುಗಳಿಂದ ಶುರು ಮಾಡಬೇಡಿ. ಪರೀಕ್ಷೆಯ ಮರುದಿನಕ್ಕೆ ಒಂದೂ ಉಳಿದಿರುವುದಿಲ್ಲ. ಯಾವುದಾದರೂ ಒಂದೇ ಪದಾರ್ಥದ ಬೆನ್ನು ಹತ್ತಿ. ನನ್ನದು ಅಡುಗೆ ಎಣ್ಣೆ.

ಮನೆಯ ಎಣ್ಣೆ ಪ್ಯಾಕೆಟ್, ಬಿಸ್ಕತ್ತು, ಚಿಪ್ಸ್‌ಗಳ ಖಾಲಿ ಕವರ್ ತರಲು ಹೇಳಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಸಿ. ಹೆಚ್ಚಿನವುಗಳಲ್ಲಿ ಪಾಮ್ ಎಣ್ಣೆ, ಅಂದರೆ ತಾಳೆ ಎಣ್ಣೆ, ಇರುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ನಮಗೆ ಹತ್ತಿರ. ಶೇಂಗಾ ಸುಲಿದೇ ಬೆಳೆದ ಮಕ್ಕಳು ತಾವು ತಿನ್ನುವುದು ಇಂಡೋನೇಷ್ಯಾ, ಮಲೇಷ್ಯಾದ ಎಣ್ಣೆ ಎಂದರೆ ಸುಮ್ಮನಿರುವುದಿಲ್ಲ. "ಮತ್ತೆ ನಮ್ಮ ಶೇಂಗಾ ಎಲ್ಲಿಗೆ ಹೋಗುತ್ತದೆ ಸರ್?"

ಈಗ ಇತಿಹಾಸ ಹೇಳಬಹುದು. 1986ರಲ್ಲಿ ಎಣ್ಣೆಕಾಳಿನ ಬೆಳೆ ಹೆಚ್ಚಿಸಲು ಕೇಂದ್ರ ಸರ್ಕಾರದ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾಗಿ, ತೊಂಬತ್ತರ ದಶಕದ ಆರಂಭಕ್ಕೆ ದೇಶ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. ಆಮೇಲೆ ಆಮದಿನ ಬಾಗಿಲು ತೆರೆಯಿತು, ಅಗ್ಗದ ತಾಳೆ ಎಣ್ಣೆ ಬಂತು. ಇಂದು ನಮಗೆ ಬೇಕಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಗೆ ಕುತ್ತು ಬಂತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತನ್ನವರಿಗೇ ಎಣ್ಣೆ ದುಬಾರಿಯಾಯಿತೆಂದು ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿತು. ಆಗ ಮನೆಯಲ್ಲಿ ಏನೇನು ಕರಿಯುವುದು ನಿಂತಿತ್ತು ಎಂದು ಅಮ್ಮಂದಿರನ್ನು ಕೇಳಿಕೊಂಡು ಬರಲಿ.

ಮುಂದಿನದು ಜಾರುವ ಜಾಗ. ಕಾಡು ಕಡಿದು ಬೆಳೆದದ್ದು, ಪಾಮ್ ಎಣ್ಣೆ ಬಿಟ್ಟುಬಿಡಿ ಎಂಬ ಭಾಷಣಕ್ಕೆ ಮಕ್ಕಳು ಬೇಗ ಇಳಿಯುತ್ತಾರೆ, ಮೇಷ್ಟ್ರುಗಳು ಇನ್ನೂ ಬೇಗ. ಸುಮಾತ್ರಾ, ಬೋರ್ನಿಯೋದ ಕಾಡು ಹೋದದ್ದು ನಿಜ. ಆದರೆ ಒಂದು ಹೆಕ್ಟೇರ್ ತಾಳೆ ತೋಟ ಕೊಡುವಷ್ಟು ಎಣ್ಣೆಯನ್ನು ಶೇಂಗಾದಿಂದ ತೆಗೆಯಲು ಹಲವು ಪಟ್ಟು ಜಮೀನು ಬೇಕು. ಆ ಜಮೀನು ಎಲ್ಲಿಂದ ತರುತ್ತೀರಿ ಎಂದು ಕೇಳಿ, ಲೆಕ್ಕ ಹಾಕಲು ಬಿಡಿ.

ಕೊನೆಗೊಂದು ಚರ್ಚೆ ಇಡಿ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು, 2025ರ ಮೇ ತಿಂಗಳಲ್ಲಿ ಶೇ. 10ಕ್ಕೆ ಇಳಿಸಿತು. ಏರಿಸಿದ್ದು ಸರಿಯೋ, ಇಳಿಸಿದ್ದು ಸರಿಯೋ? ಒಂದು ಕಡೆ ಶೇಂಗಾ ಬೆಳೆಗಾರರು, ಇನ್ನೊಂದು ಕಡೆ ಮಿರ್ಚಿ ಅಂಗಡಿಯವರು. ಮಕ್ಕಳೇ ಪಕ್ಷ ಆರಿಸಿಕೊಳ್ಳಲಿ ಎಂದರೆ ಆಗುವುದಿಲ್ಲ, ಶೇಂಗಾ ಮಾರಿದ ದುಡ್ಡಿನಲ್ಲೇ ಪಾಮ್ ಎಣ್ಣೆ ಕೊಳ್ಳುವ ಮನೆಗಳೇ ನಮ್ಮಲ್ಲಿ ಹೆಚ್ಚು. ಚೀಟಿ ಎತ್ತಿಸಿ. ಒಂದು ಪಿರಿಯಡ್ ಸಾಲದು, ಎರಡು ಇಟ್ಟುಕೊಳ್ಳಿ.