ಏಳು ತಿಂಗಳಾದರೂ ಮಗು ಆಸರೆಯಿಲ್ಲದೆ ಕೂರುತ್ತಿಲ್ಲ, ಭಯಪಡಬೇಕಾ?

ನಿಮ್ಮ ಮಗನಿಗೆ ಏಳು ತಿಂಗಳು ತುಂಬಿದೆ, ಕೂರಿಸಿದರೆ ಪಕ್ಕಕ್ಕೆ ವಾಲಿಬಿಡುತ್ತಾನೆ, ನಾದಿನಿಯ ಮಗು ಮಾತ್ರ ಆರು ತಿಂಗಳಿಗೇ ಕೂತು ಈಗ ಅಂಬೆಗಾಲಿಡುತ್ತಿದೆ ಎಂದು ಬರೆದಿದ್ದೀರಿ. ಇನ್ನೂ ಕಾಯಬೇಕಾ, ಈಗಲೇ ಡಾಕ್ಟರಿಗೆ ತೋರಿಸಬೇಕಾ ಎಂದು ಕೇಳಿದ್ದೀರಿ. ಇದೇ ಯೋಚನೆಯಲ್ಲಿ ರಾತ್ರಿ ನಿದ್ದೆ ಬರುತ್ತಿಲ್ಲ ಎಂಬ ಮಾತು ಓದಿ ಸುಮ್ನೆ ಮುಂದೆ ಹೋಗಲು ನನಗೆ ಆಗಲಿಲ್ಲ. ನಾನು ಡಾಕ್ಟರಲ್ಲ. ಇಬ್ಬರು ಮಕ್ಕಳ ಅಪ್ಪ. ಎರಡನೆಯವಳು ಹುಟ್ಟಿದಾಗ ನಾವೂ ಇದೇ ಜಾಗದಲ್ಲಿ ನಿಂತಿದ್ದೆವು.

ನಮ್ಮ ಮಗ ಆರು ತಿಂಗಳಿಗೆ ಸರಿಯಾಗಿ ಕೂತಿದ್ದ. ಅದೇ ನಮ್ಮ ಅಳತೆಗೋಲಾಗಿಬಿಟ್ಟಿತು. ಮಗಳಿಗೆ ಏಳು ತಿಂಗಳಾಯಿತು, ಎಂಟಾಯಿತು, ಆದರೂ ಎರಡು ಕೈ ಮುಂದೆ ಊರಿಕೊಂಡು ಕಪ್ಪೆಯ ಹಾಗೆ ಕೂರುತ್ತಿದ್ದಳು. ಕೈ ತೆಗೆದರೆ ಮುಗಿಯಿತು, ದಿಂಬಿನ ಮೇಲೆ ಉರುಳಿಕೊಳ್ಳುತ್ತಿದ್ದಳು. ನನ್ನ ಹೆಂಡತಿ ದಿನಾ ಮಗನ ಹಳೆಯ ಫೋಟೋ ತೆಗೆದು ತಾರೀಖು ಲೆಕ್ಕ ಹಾಕುತ್ತಿದ್ದಳು. ಲಸಿಕೆಗೆ ಹೋದಾಗ ಕೇಳಿಯೇ ಬಿಟ್ಟೆವು.

ಡಾಕ್ಟರು ಮೊದಲು ತೋರಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಒಂದು ಚಾರ್ಟ್. ಭಾರತವೂ ಸೇರಿ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ, 2006ರಲ್ಲಿ ಪ್ರಕಟಿಸಿದ್ದು ಅದು. ಆಸರೆಯಿಲ್ಲದೆ ಕೂರುವುದಕ್ಕೆ ಅದರಲ್ಲಿ ಕೊಟ್ಟಿರುವ ಅವಧಿ 3.8 ತಿಂಗಳಿಂದ 9.2 ತಿಂಗಳು. ಒಂದು ಮಗುವಿಗೂ ಇನ್ನೊಂದಕ್ಕೂ ಐದು ತಿಂಗಳಿಗಿಂತ ಜಾಸ್ತಿ ಅಂತರ ಇರಬಹುದು, ಎರಡೂ ಚೆನ್ನಾಗಿಯೇ ಇರುತ್ತವೆ. ಯಾರ ಕೈಯನ್ನೂ ಹಿಡಿಯದೆ ನಡೆಯುವುದಂತೂ 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ನಿಮ್ಮ ಮಗ ಮತ್ತು ನಾದಿನಿಯ ಮಗು ಇಬ್ಬರೂ ಈ ಅವಧಿಯ ಒಳಗೇ ಇದ್ದಾರೆ ನೋಡಿ.

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. "ಹಗಲಲ್ಲಿ ಎಷ್ಟು ಹೊತ್ತು ನೆಲದ ಮೇಲೆ ಇರುತ್ತಾಳೆ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮನೆಯಲ್ಲಿ ನಮ್ಮ ಅಮ್ಮ ಇದ್ದಾರೆ, ಅಣ್ಣನೂ ತಂಗಿಯನ್ನು ಬಿಡುವುದಿಲ್ಲ. ಒಬ್ಬರ ಸೊಂಟದಿಂದ ಇನ್ನೊಬ್ಬರ ತೊಡೆಗೆ, ಅಲ್ಲಿಂದ ತೊಟ್ಟಿಲಿಗೆ. ಅವಳು ನೆಲ ಮುಟ್ಟಿದ್ದೇ ಕಡಿಮೆ. ಮಗುವಿನ ಬಲ ತಲೆಯಿಂದ ಕೆಳಕ್ಕೆ ಇಳಿಯುತ್ತದೆ ಎಂದು ಡಾಕ್ಟರು ವಿವರಿಸಿದರು. ಮೊದಲು ಕುತ್ತಿಗೆ ನಿಲ್ಲುತ್ತದೆ, ಆಮೇಲೆ ಬೆನ್ನು, ಸೊಂಟ, ಕೊನೆಗೆ ಕಾಲು. ಕುತ್ತಿಗೆ, ಭುಜ, ಬೆನ್ನು ಗಟ್ಟಿಯಾಗುವುದು ಬೋರಲು ಮಲಗಿ ತಲೆ ಎತ್ತುವಾಗ, ಮಗುಚುವಾಗ, ಕೈ ಚಾಚಿ ಏನನ್ನಾದರೂ ಎಳೆದುಕೊಳ್ಳುವಾಗ. ಯಾವಾಗಲೂ ಎತ್ತಿಕೊಂಡೇ ಇದ್ದರೆ ಆ ಕೆಲಸವೆಲ್ಲ ನಮ್ಮ ಕೈಯೇ ಮಾಡಿಬಿಡುತ್ತದೆ, ಅಲ್ವಾ?

ಅವತ್ತಿನಿಂದ ನೆಲದ ಮೇಲೆ ಚಾಪೆ ಹಾಸಿದೆವು. ಬೋರಲು ಮಲಗಿಸಿದರೆ ಎರಡೇ ನಿಮಿಷಕ್ಕೆ ಅಳು. ಹಾಗಾಗಿ ನಾನೂ ಅವಳೆದುರು ಬೋರಲು ಮಲಗುತ್ತಿದ್ದೆ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಮುಖ ಕಂಡರೆ ಇನ್ನೊಂದು ನಿಮಿಷ ತಡೆದುಕೊಳ್ಳುತ್ತಿದ್ದಳು. ಜಾಸ್ತಿ ಹೊತ್ತು ಬೇಡ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಸಾಕು. ಎಚ್ಚರವಾಗಿರುವಾಗ ಮಾತ್ರ, ನೀವು ಪಕ್ಕದಲ್ಲಿದ್ದು. ನಿದ್ದೆಗೆ ಯಾವಾಗಲೂ ಅಂಗಾತವೇ ಮಲಗಿಸಿ. ಕೂರಿಸುವಾಗ ನಿಮ್ಮ ಎರಡು ಕಾಲಿನ ನಡುವೆ ಕೂರಿಸಿಕೊಂಡು, ಎದೆಯ ಹತ್ತಿರ ಹಿಡಿಯುವ ಬದಲು ದಿನ ಕಳೆದ ಹಾಗೆ ಕೈಯನ್ನು ಸೊಂಟಕ್ಕೆ ಇಳಿಸಿ. ಆಟಿಕೆಯನ್ನು ನೇರ ಎದುರಿಗೆ ಇಡಬೇಡಿ, ಸ್ವಲ್ಪ ಪಕ್ಕಕ್ಕೆ ಇಡಿ. ತಿರುಗಿ ತೆಗೆದುಕೊಳ್ಳುವಾಗ ಸೊಂಟಕ್ಕೆ ಕೆಲಸ ಸಿಗುತ್ತದೆ. ವಾಕರ್ ಮಾತ್ರ ತರಬೇಡಿ, ಯಾರಾದರೂ ಕೊಟ್ಟರೂ ಬೇಡ. ಅದರಿಂದ ಮಕ್ಕಳು ಬೇಗ ನಡೆಯುವುದಿಲ್ಲ, ಮೆಟ್ಟಿಲಿನಿಂದ ಉರುಳಿ ಪೆಟ್ಟು ಮಾಡಿಕೊಳ್ಳುತ್ತಾರೆ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ.

ಎಂಟೂವರೆ ತಿಂಗಳಿಗೆ ಒಂದು ಸಂಜೆ. ಮಗಳು ಎಡಗೈ ಚಾಪೆಗೆ ಊರಿಕೊಂಡು, ಬಲಗೈಯಲ್ಲಿ ಒಂದು ಡಬ್ಬಿಯ ಮುಚ್ಚಳ ಹಿಡಿದು ಚೀಪುತ್ತಿದ್ದಳು. ಅಣ್ಣ ಬಂದು ಬೀಗದ ಕೈ ಗೊಂಚಲು ಗಲಗಲ ಅಲ್ಲಾಡಿಸಿದ. ಅದೂ ಬೇಕು, ಮುಚ್ಚಳವನ್ನೂ ಬಿಡಲಾರಳು. ಊರಿದ್ದ ಕೈ ಮೆಲ್ಲಗೆ ಎದ್ದಿತು. ಬೆನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತೂಗಿ ನಿಂತಿತು. ಅವಳಿಗೆ ತಾನು ಕೂತಿದ್ದೇನೆ ಎಂಬುದೇ ಗೊತ್ತಿಲ್ಲ, ಕಣ್ಣೆಲ್ಲ ಬೀಗದ ಕೈ ಮೇಲೆ. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಗೊಂಚಲು ಕೈಗೆ ಸಿಕ್ಕಿದ ಖುಷಿಗೆ ಅಣ್ಣನ ಮಡಿಲಿಗೆ ಉರುಳಿದಳು.

ಅವಳು ಅಂಬೆಗಾಲು ಇಡಲೇ ಇಲ್ಲ. ಕೂತಲ್ಲಿಂದಲೇ ಜರುಗಿ ಜರುಗಿ ಮನೆಯೆಲ್ಲ ಸುತ್ತಿದಳು, ಹದಿನೈದು ತಿಂಗಳಿಗೆ ನಡೆದಳು. ಆ ಚಾರ್ಟಿನ ಮಕ್ಕಳಲ್ಲೂ ಶೇಕಡ 4.3ರಷ್ಟು ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದರು.

ಹಾಗಾಗಿ ನಾದಿನಿಯ ಮಗುವನ್ನು ನೋಡಬೇಡಿ, ಹೋದ ತಿಂಗಳಿನ ನಿಮ್ಮ ಮಗನನ್ನು ನೆನಪಿಸಿಕೊಳ್ಳಿ. ಆಗ ಆಗದೇ ಇದ್ದ ಯಾವುದಾದರೂ ಒಂದು ಈಗ ಆಗುತ್ತಿದೆಯಾ? ಕುತ್ತಿಗೆ ಗಟ್ಟಿಯಾಗಿ ನಿಂತಿದೆಯಾ, ಮಗುಚುತ್ತಾನಾ, ಆಟಿಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಾನಾ, ನಿಮ್ಮ ದನಿಗೆ ತಿರುಗಿ ನಗುತ್ತಾನಾ? ಹೌದು ಎಂದಾದರೆ ಅವನು ಮುಂದಕ್ಕೇ ಹೋಗುತ್ತಿದ್ದಾನೆ. ಮನೆಯವರು "ಇನ್ನೂ ಕೂರಲಿಲ್ವಾ" ಎಂದು ಕೇಳುವುದು ಪ್ರೀತಿಯಿಂದಲೇ. "ಕಲಿಯುತ್ತಿದ್ದಾನೆ, ನೀವೂ ಸ್ವಲ್ಪ ಹೊತ್ತು ಚಾಪೆಯ ಮೇಲೆ ಆಡಿಸಿ" ಎಂದು ಹೇಳಿ ನೋಡಿ. ನಮ್ಮ ಅಮ್ಮನಿಗೆ ಹಾಗೆ ಹೇಳಿದ ಮೇಲೆ ಅವರೇ ದಿನಾ ಚಾಪೆ ಬಿಡಿಸಿ ಕಾಯುತ್ತಿದ್ದರು.

ಆದರೆ ಕೆಲವು ವಿಷಯಕ್ಕೆ ಕಾಯಬಾರದು. ಮೈ ತೀರ ಸಡಿಲವಾಗಿ ಜೋತು ಬೀಳುವ ಹಾಗಿದ್ದರೆ ಅಥವಾ ಬಿರುಸಾಗಿ ಸೆಟೆದುಕೊಂಡಿದ್ದರೆ, ಯಾವಾಗಲೂ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ, ಶಬ್ದಕ್ಕೆ ತಿರುಗದೇ ಇದ್ದರೆ, ಮುಖ ನೋಡಿ ನಗದೇ ಇದ್ದರೆ ಈ ವಾರವೇ ತೋರಿಸಿ. ಮುಂಚೆ ಮಾಡುತ್ತಿದ್ದುದನ್ನು ಈಗ ಮಾಡದೇ ಹೋದರೆ ಒಂದು ದಿನವೂ ತಡಮಾಡಬೇಡಿ. ಇದ್ಯಾವುದೂ ಇಲ್ಲದೆ ಒಂಬತ್ತು ತಿಂಗಳು ತುಂಬಿದರೂ ಕೂರದೇ ಇದ್ದರೂ ತೋರಿಸಲೇಬೇಕು. ಅಷ್ಟರೊಳಗೆ ನಿಮ್ಮ ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಅದೊಂದೇ ಕಾರಣಕ್ಕೂ ಹೋಗಬಹುದು.

ಮಗ ದಿನ ತುಂಬಿ ಹುಟ್ಟಿದನಾ, ಮುಂಚೆಯೇ ಹುಟ್ಟಿದನಾ ಎಂದು ನೀವು ಬರೆದಿಲ್ಲ. ಎರಡು ತಿಂಗಳು ಮುಂಚೆ ಹುಟ್ಟಿದ್ದರೆ ಈ ಲೆಕ್ಕಕ್ಕೆ ಅವನಿಗೆ ಈಗ ಐದೇ ತಿಂಗಳು. ಡಾಕ್ಟರಿಗೆ ಇದನ್ನು ಮರೆಯದೆ ಹೇಳಿ. ಹೋಗುವ ಮುಂಚೆ ಅವನು ಚಾಪೆಯ ಮೇಲೆ ಆಡುವುದನ್ನು ಫೋನಿನಲ್ಲಿ ಒಂದೆರಡು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿ. ಅಲ್ಲಿಗೆ ಹೋದ ಕೂಡಲೇ ಮಕ್ಕಳು ಅಮ್ಮನ ಕುತ್ತಿಗೆ ಬಿಗಿಯಾಗಿ ತಬ್ಬಿಕೊಂಡು ಅಳುತ್ತವೆ, ಮನೆಯಲ್ಲಿ ಮಾಡುವ ಒಂದನ್ನೂ ತೋರಿಸುವುದಿಲ್ಲ.