ಸುಕ್ಕು ಬಿದ್ದ ಗಾಳಿಕೊಳವೆ

ಪ್ರಶ್ನೆ: ಗಾಳಿ ತುಂಬಿದ ಟೆಂಟಿನ ಆಧಾರ ಕೊಳವೆ ಬಾಗಿದಾಗ ಒಳಮಗ್ಗುಲಲ್ಲಿ ಸುಕ್ಕು ಬೀಳುತ್ತದೆ. ಇನ್ನಷ್ಟು ಗಾಳಿ ಹೊಡೆದರೆ ಸಾಕೇ?

ಉತ್ತರ: ಸ್ವಲ್ಪಮಟ್ಟಿಗೆ ಸಾಕು. ಬಟ್ಟೆ ಎಳೆತ ತಾಳುತ್ತದೆ, ಒತ್ತಿದರೆ ಮುದುಡುತ್ತದೆ. ಒಳಗಿನ ಗಾಳಿ ಅದನ್ನು ಮೊದಲೇ ಬಿಗಿಯಾಗಿ ಎಳೆದಿಟ್ಟಿರುತ್ತದೆ. ಬಾಗುವಾಗ ಒಂದು ಮಗ್ಗುಲಲ್ಲಿ ಆ ಎಳೆತ ಸೊನ್ನೆಗಿಳಿದ ಕೂಡಲೇ ಸುಕ್ಕು. ತೆಳುಬಟ್ಟೆಯ ದುಂಡು ಕೊಳವೆಯಲ್ಲಿ ಸುಕ್ಕು ಮೂಡಿಸುವ ಬಾಗುಭ್ರಾಮಕ (ಬಾಗಿಸುವ ಬಲ × ಅದು ಬೀಳುವ ದೂರ) = ಪೈ × ಒತ್ತಡ × ತ್ರಿಜ್ಯದ ಘನ ÷ 2. ಇಲ್ಲಿ ಒತ್ತಡವೆಂದರೆ ಹೊರಗಿನ ಗಾಳಿಗಿಂತ ಒಳಗೆ ಹೆಚ್ಚಿರುವಷ್ಟು. ತ್ರಿಜ್ಯ 10 ಸೆಂ.ಮೀ., ಒತ್ತಡ 50 ಕಿಲೊಪಾಸ್ಕಲ್ ಆದರೆ ಸುಮಾರು 78 ನ್ಯೂಟನ್-ಮೀಟರ್. ಅಂದರೆ ಒಂದು ತುದಿ ಬಿಗಿದ 1 ಮೀಟರ್ ಕೊಳವೆಯ ಇನ್ನೊಂದು ತುದಿಗೆ 8 ಕೆ.ಜಿ. ತೂಗುಹಾಕಿದರೆ ಬುಡದಲ್ಲಿ ಸುಕ್ಕು ಶುರು, 16 ಕೆ.ಜಿ.ಯ ಹೊತ್ತಿಗೆ ಮಡಚಿಯೇ ಬೀಳುತ್ತದೆ.

ಒತ್ತಡ ದುಪ್ಪಟ್ಟಾದರೆ ಈ ಮಿತಿ ದುಪ್ಪಟ್ಟು, ತ್ರಿಜ್ಯ ದುಪ್ಪಟ್ಟಾದರೆ 8 ಪಟ್ಟು. ಹಾಗಾಗಿ ಪಂಪಿಗಿಂತ ದಪ್ಪ ಕೊಳವೆಯೇ ಲಾಭ. ಆದರೆ ಸುತ್ತಳತೆಯ ದಿಕ್ಕಿನ ಎಳೆತ ಉದ್ದದ ಎಳೆತದ ಎರಡರಷ್ಟಿರುವುದರಿಂದ ಉದ್ದಕ್ಕೆ ಹಾಕಿದ ಬೆಸುಗೆ ಮೊದಲು ಬಿಡುತ್ತದೆ, ಅದನ್ನೇ ಪರೀಕ್ಷಿಸಿ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. 20 ಡಿಗ್ರಿಯಲ್ಲಿ ತುಂಬಿದ 50 ಕಿಲೊಪಾಸ್ಕಲ್, ಗಾಳಿ 40 ಡಿಗ್ರಿಗೆ ಕಾದಾಗ ಸುಮಾರು 60 ಆಗುತ್ತದೆ. ಸುರಕ್ಷತಾ ವಾಲ್ವ್ ಇಲ್ಲದಿದ್ದರೆ ಮಧ್ಯಾಹ್ನ ಸ್ವಲ್ಪ ಗಾಳಿ ಬಿಡಿ, ಸಂಜೆ ಮತ್ತೆ ತುಂಬಿಸಿ.