ತೊಗರಿ ಕುಡಿ ಚಿವುಟುವ ಯಂತ್ರಕ್ಕೆ ಪೇಟೆಂಟ್: ಅರ್ಜಿಗೆ ಮುಂಚೆ ಏನು ಹುಡುಕಬೇಕು?

ಸ್ಪ್ರೇ ಪಂಪಿನ 12 ವೋಲ್ಟ್ ಬ್ಯಾಟರಿ, ಸಣ್ಣ ಮೋಟಾರು, ಪೈಪಿನ ತುದಿಗೆ ತಿರುಗುವ ಬ್ಲೇಡು, ಕತ್ತರಿಸಿದ ಕುಡಿ ಹಿಡಿಯಲು ಒಂದು ಬಟ್ಟಲು. ನಿಮ್ಮ ಯಂತ್ರ ಇಷ್ಟು. ಗೂಗಲ್‌ನಲ್ಲಿ ಇಂಥದ್ದು ಸಿಗಲಿಲ್ಲ, ಆಳಂದದಿಂದಲೇ ಅರ್ಜಿ ಹಾಕಬಹುದಾ ಅಂತ ಕೇಳಿದ್ದೀರಿ. ಒಂದು ವಾರ ತಡೀರಿ. ಬ್ಯಾಟರಿಯಿಂದ ಕುಡಿ ಚಿವುಟುವ ಯಂತ್ರಗಳು ಈಗಾಗಲೇ ಬಂದಿವೆ. ಹಾಗಾಗಿ ಇಡೀ ಯಂತ್ರ ನನ್ನದು ಅಂದರೆ ಅರ್ಜಿ ನಿಲ್ಲುವುದಿಲ್ಲ. ಹೊಸದು ಇದ್ದರೆ ಆ ಬಟ್ಟಲಲ್ಲೇ ಇರಬೇಕು.

ಸಿಗದಿರುವುದಕ್ಕೆ ಮುಖ್ಯ ಕಾರಣ ಪದ. ತೊಗರಿಯನ್ನು ಪೇಟೆಂಟ್ ಕಾಗದದಲ್ಲಿ ಪಿಜನ್ ಪೀ, ರೆಡ್ ಗ್ರಾಂ, ಅರ್ಹರ್, ಕಜಾನಸ್ ಕಜಾನ್ ಅಂತೆಲ್ಲ ಬರೆದಿರುತ್ತಾರೆ. ಚಿವುಟುವುದಕ್ಕೂ ನಿಪ್ಪಿಂಗ್, ಟಾಪಿಂಗ್, ಪಿಂಚಿಂಗ್ ಎಂದು ಹಲವು ಹೆಸರು. ನಿಪ್ಪಿಂಗ್ ಒಂದನ್ನೇ ಹಾಕಿದರೆ ಬಟ್ಟೆ ಗಿರಣಿಯ ಯಂತ್ರಗಳೇ ಸಾಲಾಗಿ ಬರುತ್ತವೆ. ಆಮೇಲೆ ಬೆಳೆಯ ಹೆಸರನ್ನೇ ಬಿಟ್ಟು ಹುಡುಕ್ರಿ, ಇದನ್ನು ಬಹಳ ಜನ ಮಾಡುವುದಿಲ್ಲ. ಚೀನಾದಲ್ಲಿ ಹತ್ತಿ ಗಿಡದ ತುದಿ ಕತ್ತರಿಸುವ ಯಂತ್ರಗಳಿಗೆ ಬೇಕಾದಷ್ಟು ಪೇಟೆಂಟ್ ಇವೆ. ಚಹಾ ಎಲೆ ಕೊಯ್ದು ಚೀಲಕ್ಕೆ ತುಂಬುವ ಯಂತ್ರಗಳೂ ಇವೆ. ಕೆಲಸ ಒಂದೇ ಆಗಿದ್ದರೆ ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರು ಅವನ್ನೂ ನಿಮ್ಮ ಮುಂದಿಡುತ್ತಾರೆ.

ಭಾರತದ ಪೇಟೆಂಟ್ ಕಚೇರಿಯ ಆನ್‌ಲೈನ್ ಹುಡುಕು ತಾಣ ಇನ್‌ಪಾಸ್‌ನಲ್ಲಿ ಪ್ರಕಟವಾದ ಅರ್ಜಿ, ಮಂಜೂರಾದ ಪೇಟೆಂಟ್ ಎರಡಕ್ಕೂ ಟಿಕ್ ಹಾಕಿ, ಶೀರ್ಷಿಕೆಯಲ್ಲಿ ಹುಡುಕಿ, ಆಮೇಲೆ ಸಾರಾಂಶದಲ್ಲಿ ಹುಡುಕ್ರಿ. ಹೊರದೇಶದ್ದಕ್ಕೆ ಯುರೋಪಿನ ಪೇಟೆಂಟ್ ಕಚೇರಿಯ ತಾಣ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಸಾಕು. ಎರಡೂ ಉಚಿತ, ಚೀನೀ ಕಾಗದದ ಇಂಗ್ಲಿಷ್ ಅನುವಾದವೂ ಅಲ್ಲೇ ಸಿಗುತ್ತದೆ. ಹತ್ತಿರದ್ದೊಂದು ಸಿಕ್ಕಿದ ಕೂಡಲೇ ಅದರ ಮೊದಲ ಪುಟದ ವರ್ಗ ಸಂಖ್ಯೆ, ಅಂದರೆ ಯಂತ್ರ ಯಾವ ಬಗೆಯದು ಎಂದು ತಿಳಿಸುವ ಸಂಕೇತ, ಬರೆದುಕೊಳ್ಳಿರಿ. ಗಿಡ ಕತ್ತರಿಸುವ ಸಾಧನಗಳು ಎ01ಜಿ 3ರಲ್ಲಿ, ಚಹಾ ಕೊಯ್ಯುವ ಯಂತ್ರಗಳು ಎ01ಡಿ 46/04ರಲ್ಲಿ ಬರುತ್ತವೆ. ಸಂಖ್ಯೆಯ ಮೇಲೆ ಹುಡುಕಿದರೆ ಪದದ ಗೋಜಲು ಇರುವುದಿಲ್ಲ. ಆ ಕಾಗದ ಯಾವುದನ್ನು ಉಲ್ಲೇಖಿಸಿದೆ, ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂಬುದನ್ನೂ ತೆಗೆದು ನೋಡ್ರಿ.

ಓದುವಾಗ ಚಿತ್ರದಿಂದ ಶುರು ಮಾಡ್ರಿ. ಒಂದು ಹಾಳೆಯಲ್ಲಿ ನಿಮ್ಮ ಯಂತ್ರದ ಭಾಗಗಳನ್ನು ಕೆಳಗೆ ಕೆಳಗೆ ಬರೆದು, ಹತ್ತಿರದ ಐದಾರು ಪೇಟೆಂಟಿಗೆ ಒಂದೊಂದು ಕಾಲಂ ಹಾಕಿ ಗುರುತು ಮಾಡಬೇಕು. ಒಂದೇ ಕಾಲಮ್ಮಿನಲ್ಲಿ ಎಲ್ಲ ಭಾಗವೂ ಇದ್ದರೆ ಹೊಸತನ ಹೋಯಿತು. ಎರಡು ಕಾಲಂ ಸೇರಿದರೆ ನಿಮ್ಮದಾಗುತ್ತದೆ ಅನ್ನುವಂತಿದ್ದರೆ, ಇದು ಯಾರಿಗಾದರೂ ಹೊಳೆಯುವಂಥದ್ದೇ ಎಂಬ ಆಕ್ಷೇಪ ಬರುತ್ತದೆ. ಬಟ್ಟಲಿನ ಸಾಲಿನಲ್ಲಿ “ಬಟ್ಟಲು ಇದೆ” ಎಂದಷ್ಟೇ ಬರೆಯಬೇಡ್ರಿ. ಬ್ಲೇಡಿನ ಕೆಳಗಿದೆಯಾ, ಸುತ್ತ ಇದೆಯಾ? ಕುಡಿ ತಾನಾಗಿ ಬೀಳುತ್ತದಾ, ಬ್ಲೇಡಿನ ಗಾಳಿಯೇ ಒಳಗೆ ತಳ್ಳುತ್ತದಾ? ಮಂಜು ಬಿದ್ದ ಬೆಳಿಗ್ಗೆ ಹಸಿ ಕುಡಿ ಅಂಟಿ ಬ್ಲೇಡು ನಿಲ್ಲದಂತೆ ಏನು ಮಾಡಿದ್ದೀರಿ? ನಿಮ್ಮ ಮೊದಲ ಕ್ಲೇಮ್, ಅಂದರೆ ಇದು ನನ್ನದು ಎಂದು ಅರ್ಜಿಯಲ್ಲಿ ಹಕ್ಕು ಕೇಳುವ ಸಾಲು, ಇಲ್ಲಿಂದಲೇ ಹುಟ್ಟಬೇಕು.

ಅವಧಿ ಮುಗಿದ ಪೇಟೆಂಟ್ ಲೆಕ್ಕಕ್ಕಿಲ್ಲ ಅಂದುಕೊಳ್ಳುವುದು ದೊಡ್ಡ ತಪ್ಪು. ಅದರಂತೆ ಯಂತ್ರ ಮಾಡಿ ಮಾರಬಹುದು ನಿಜ, ಆದರೆ ಅದರಲ್ಲಿರುವುದನ್ನು ಹೊಸದು ಎನ್ನಲು ಬರುವುದಿಲ್ಲ. ಕುಡಿ ಚಿವುಟುವ ಪದ್ಧತಿಗೂ ಪೇಟೆಂಟ್ ಕೇಳಬೇಡ್ರಿ. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಚ್) ಪ್ರಕಾರ ಕೃಷಿ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ, ಯಂತ್ರಕ್ಕೆ ಮಾತ್ರ ಸಿಗುತ್ತದೆ.

ಎಷ್ಟೇ ಹುಡುಕಿದರೂ ಒಂದು ಕುರುಡು ಜಾಗ ಉಳಿಯುತ್ತದೆ: ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳವರೆಗೆ ಪ್ರಕಟವಾಗುವುದಿಲ್ಲ. ಅಲ್ಲಿಯವರೆಗೆ ಕಾಯದೆ, ಹಾಳೆ ತುಂಬಿದ ಮೇಲೆ ತಾತ್ಕಾಲಿಕ ಅರ್ಜಿ ಹಾಕಿಬಿಡ್ರಿ. ವ್ಯಕ್ತಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಕರ್ನಾಟಕದ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ ಬೇರೆ. ಅರ್ಜಿ ಸಂಖ್ಯೆ ಕೈಗೆ ಬರುವತನಕ ಕೃಷಿ ಮೇಳದಲ್ಲಿ ಇಡುವುದು, ಯೂಟ್ಯೂಬಿಗೆ ಹಾಕುವುದು ಬೇಡವೇ ಬೇಡ. ನೀವೇ ಹಾಕಿದ ವಿಡಿಯೊ ಕೂಡ ನಿಮ್ಮ ಹೊಸತನವನ್ನು ಕೆಡಿಸುತ್ತದೆ.